ಮೇಲೆ ಬಂಡೆ ಸಾಲು, ಕೆಳಗೆ ಸೈಟು: ಗುಡ್ಡದ ಜಾಗದಲ್ಲಿ ಮನೆ ಕಟ್ಟುವ ಮುಂಚೆ ಏನೇನು ನೋಡಬೇಕು?

ಹೊಸಮನೆ_ಪಶ್ಚಿಮ

ಸಕಲೇಶಪುರ ತಾಲ್ಲೂಕಿನ ಪಶ್ಚಿಮ ಅಂಚಿನಲ್ಲಿ 30 ಗುಂಟೆ ಜಾಗ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಅಳತೆ ಹೀಗಿದೆ: ಜಾಗದ ಹಿಂದೆ ಗುಡ್ಡ, ಇಳಿಜಾರು ಸುಮಾರು 35 ಡಿಗ್ರಿ. ಮನೆ ಮಟ್ಟದಿಂದ 60 ಮೀಟರ್ ಮೇಲೆ ಬಂಡೆಗಳ ಸಾಲು ಕಾಣುತ್ತದೆ. ಗುಡ್ಡದ ಬುಡವನ್ನು ಮಾರುವವರು ಹಿಟಾಚಿ ತಂದು ಕಡಿಸಿ ಮಟ್ಟ ಮಾಡಿಸಿದ್ದಾರೆ. ಅಲ್ಲಿ ಈಗ 4.5 ಮೀಟರ್ ಎತ್ತರದ ನೆಟ್ಟಗಿನ ಧರೆ, ಅಂದರೆ ಕಡಿದ ಮಣ್ಣಿನ ಗೋಡೆ. ಧರೆಯ ತಲೆಯ ಮೇಲೆ 3 ಮೀಟರ್ ಅಗಲದ ಹಳೇ ಗಾಡಿದಾರಿ, ಮಟ್ಟಸವಾಗಿದೆ. ಧರೆಯಿಂದ 25 ಮೀಟರ್ ಬಿಟ್ಟು ಮನೆ ಅಂತ ಯೋಚನೆ. ಗುಡ್ಡದ ಕಡೆಗಿನ ಅಗಲ 55 ಮೀಟರ್.

ಜಾಗದೊಳಗೆ ಐದು ಗುಂಡುಕಲ್ಲುಗಳಿವೆ, ಹೆಚ್ಚಿನವು 1.2 ಮೀಟರ್ ವ್ಯಾಸದವು. "ಅಜ್ಜನ ಕಾಲದಿಂದ ಮೇಲಿನ ಬಂಡೆ ಅಲ್ಲೇ ಇದೆ, ಯಾವತ್ತೂ ಅಲ್ಲಾಡಿಲ್ಲ" ಅಂತಾರೆ ಮಾರುವವರು. ಅಪಾಯ ಎಷ್ಟು ಅಂತ ತಿಳಿಯೋದು ಹೇಗೆ? ಯಾವ ಕ್ರಮದಲ್ಲಿ ನೋಡಬೇಕು?

ಧರೆಕಾವಲು

"ಅಲ್ಲೇ ಇದೆ" ಅನ್ನೋದು ಧರೆ ಕಡಿಯುವ ಮುಂಚಿನ ಮಾತು. ಬಂಡೆ ನಿಂತಿರೋದು ತನ್ನ ಬುಡದ ಮಣ್ಣಿನ ಮೇಲೆ, ಆ ಮಣ್ಣು ನಿಂತಿರೋದು ಕೆಳಗಿನ ಮಣ್ಣಿನ ಆಸರೆಯಲ್ಲಿ. ಆಸರೆ ಕಡಿದ ಮೇಲೆ ಅಜ್ಜನ ಕಾಲದ ಲೆಕ್ಕ ನಡೆಯಲ್ಲ. ಮೊದಲು ಕೇಳಬೇಕಾದ್ದು ಒಂದೇ: ಧರೆ ಕಡಿದ ಮೇಲೆ ಎಷ್ಟು ಮಳೆಗಾಲ ಕಳೆದಿದೆ?

ಹೊಸಮನೆ_ಪಶ್ಚಿಮ

ಒಂದೂ ಇಲ್ಲ. ಜನವರಿಯಲ್ಲಿ ಕಡಿದದ್ದು.

ಧರೆಕಾವಲು

ಹಾಗಾದರೆ ಈ ಮಳೆಗಾಲ ಮುಗಿಯೋವರೆಗೆ ಅಗ್ರಿಮೆಂಟ್ ಬೇಡ.

ಶಿಲಾಪದರ

ಅವಸರದ ತೀರ್ಪಿಗೆ ಮುಂಚೆ ಆ ಐದು ಕಲ್ಲುಗಳನ್ನು ಓದೋಣ. ಇಡೀ ಜಾಗದಲ್ಲಿ ಅವಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಆ ಭಾಗದ್ದು ನೈಸ್ ಶಿಲೆ, ಕಪ್ಪು-ಬಿಳಿ ಪಟ್ಟೆ ಇರುವ ಕಲ್ಲು. ಬಿರುಕುಗಳಲ್ಲಿ ನೀರಿಳಿದು ಕಲ್ಲು ಅಂಚಿನಿಂದ ಒಳಕ್ಕೆ ಕೊಳೆಯುತ್ತಾ ಹೋಗುತ್ತದೆ. ಮಧ್ಯದ ಗಟ್ಟಿ ತಿರುಳು ಉಂಡೆಯಾಗಿ ಉಳಿಯುತ್ತದೆ, ಸುತ್ತ ಈರುಳ್ಳಿ ಸಿಪ್ಪೆ ಹಾಗೆ ಪದರ, ಅದರಾಚೆ ಮಣ್ಣು. ಆದ್ದರಿಂದ ಗುಂಡುಕಲ್ಲು ಕಂಡ ತಕ್ಷಣ ಅದು ಮೇಲಿಂದ ಉರುಳಿ ಬಂದದ್ದು ಅಂತ ತಿಳಿಯಬೇಡಿ. ಹುಟ್ಟಿದ ಜಾಗದಲ್ಲೇ ಕೂತಿರಲೂಬಹುದು. ಎರಡನ್ನೂ ಬೇರ್ಪಡಿಸುವ ಬಗೆ ಇದು:

ಮೊದಲು ಪಟ್ಟೆಯ ದಿಕ್ಕು. ದಿಕ್ಸೂಚಿ ಹಿಡಿದು ಐದೂ ಕಲ್ಲುಗಳ ಪಟ್ಟೆ ಯಾವ ಕಡೆಗೆ ಓಡುತ್ತದೆ, ಎಷ್ಟು ಓರೆ ಅಂತ ಬರೆದುಕೊಳ್ಳಿ. ಹತ್ತಿರದ ರಸ್ತೆ ಬದಿಯಲ್ಲೋ ಹಳ್ಳದಲ್ಲೋ ಕಾಣುವ ತಾಯಿಬಂಡೆಯ ಪಟ್ಟೆಗೆ ಹೋಲಿಸಿ. ಎಲ್ಲವೂ ಒಂದೇ ದಿಕ್ಕಾದರೆ ಕಲ್ಲು ಹುಟ್ಟಿದಲ್ಲೇ ಇದೆ. ಒಂದೊಂದು ಒಂದೊಂದು ಕಡೆ ತಿರುಗಿದ್ದರೆ ಉರುಳಿ ಬಂದದ್ದು.

ಆಮೇಲೆ ಬುಡ. ಕಲ್ಲಿನ ಕೆಳಮಗ್ಗುಲಲ್ಲಿ ಒಂದಡಿ ಅಗೆದು ನೋಡಿ. ಸಿಪ್ಪೆ ಸಿಪ್ಪೆಯಾಗಿ ಕೊಳೆತ ಕಲ್ಲೇ ಸಿಕ್ಕರೆ ಅಲ್ಲಿಯದು. ಕಪ್ಪು ಮೇಲ್ಮಣ್ಣು, ಇದ್ದಿಲು, ಬೇರು ಕಲ್ಲಿನ ಅಡಿಗೆ ಹೋಗಿದ್ದರೆ ಆ ಮಣ್ಣಿನ ಮೇಲೆ ಕಲ್ಲು ಆಮೇಲೆ ಬಂದು ಕೂತದ್ದು.

ಕಲ್ಲುಹೂವನ್ನೂ ಬಿಡಬೇಡಿ. ಬಿಸಿಲು ಗಾಳಿ ಬೀಳುವ ಮೈಮೇಲೆ ಬೆಳೆಯುವ ಕಲ್ಲುಹೂವು ಮಣ್ಣಿಗೆ ಒತ್ತಿದ ಮಗ್ಗುಲಲ್ಲಿ ಕಂಡರೆ ಕಲ್ಲು ಮಗುಚಿದೆ ಅಂತ ಅರ್ಥ. ಅದೂ ಇತ್ತೀಚೆಗೆ, ಯಾಕಂದರೆ ಮಣ್ಣಿನೊಳಗೆ ಕಲ್ಲುಹೂವು ಹೆಚ್ಚು ಕಾಲ ಉಳಿಯದು.

ಕಾಫಿಕಣಿವೆ

ಮರಗಳನ್ನೂ ನೋಡಿ ಸಾರ್. ಇಳಿಜಾರಿನ ಮರಗಳ ಗುಡ್ಡದ ಕಡೆಯ ಮೈಯಲ್ಲಿ ತೊಗಟೆ ಕೆತ್ತಿ ಹೋದ ಗಾಯ ಇದೆಯಾ? ಗಾಯ ನೆಲದಿಂದ ಎಷ್ಟು ಎತ್ತರ ಅಂತ ಟೇಪ್ ಹಿಡಿದು ಅಳೆಯಿರಿ. ಕಲ್ಲು ಎಷ್ಟು ಪುಟಿದು ಬಂತು ಅನ್ನೋದು ಅಲ್ಲೇ ಸಿಗುತ್ತೆ. ಮೊಣಕಾಲಿನ ಮಟ್ಟದ ಗಾಯ ಬೇರೆ, ತಲೆ ಮಟ್ಟದ ಗಾಯ ಬೇರೆ. ಒಂದೇ ಸಾಲಿನಲ್ಲಿ ಎಳೇ ಗಿಡ ಮಾತ್ರ ಇದ್ದು ಅಕ್ಕಪಕ್ಕ ಹಳೇ ಮರ ಇದ್ದರೆ ಅದು ಕಲ್ಲು ಬರುವ ದಾರಿ ಇರಬಹುದು.

ಮೇಲಿನ ಬಂಡೆ ಬಿರುಕಲ್ಲಿ ಅರಳಿ, ಆಲ, ಬಸರಿ ಬೇರು ಹೊಕ್ಕಿದೆಯಾ ನೋಡಿ. ಅದು ಬೆಣೆ ಹೊಡೆದ ಹಾಗೆ ಕೆಲಸ ಮಾಡುತ್ತೆ.

ಕಟ್ಟೋಣ_ಸಿವಿಲ್

ಲೆಕ್ಕಕ್ಕೆ ಬರೋಣ. ಬಂಡೆ ಸಾಲಿನಿಂದ ಮನೆಗೆ ಎತ್ತರ 60 ಮೀಟರ್. ಅಡ್ಡದೂರ: 35 ಡಿಗ್ರಿ ಇಳಿಜಾರಿನ ಪಾಲು ಸುಮಾರು 79, ಗಾಡಿದಾರಿ 3, ಧರೆಯಿಂದ ಮನೆಗೆ 25, ಒಟ್ಟು 107. ಮನೆಯಿಂದ ಬಂಡೆ ಸಾಲನ್ನು ನೋಡುವ ಕೋನ ಸುಮಾರು 29 ಡಿಗ್ರಿ. ಕಲ್ಲು ಉರುಳಿ ನಿಲ್ಲುವ ಗಡಿಗೆ ಪುಸ್ತಕದಲ್ಲಿ 27.5 ಡಿಗ್ರಿ ಅಂತ ಇದೆ. ಅಂದರೆ ಮನೆ ಅಪಾಯದ ಒಳಗೇ ಬಂತು.

ಶಿಲಾಪದರ

ಇಲ್ಲಿ ತಿದ್ದಬೇಕು. ಆ 27.5 ಡಿಗ್ರಿಯನ್ನು ಬಂಡೆ ಸಾಲಿನಿಂದ ಅಳೆಯುವುದಲ್ಲ. ಕಡಿದಾದ ಬಂಡೆಗೋಡೆಯ ಬುಡದಲ್ಲಿ ಬಿದ್ದ ಕಲ್ಲುಗಳ ರಾಶಿ ಇರುತ್ತದಲ್ಲ, ಆ ರಾಶಿಯ ತಲೆಯಿಂದ ಅಳೆಯುವ ಕೋನ ಅದು. ಕಲ್ಲು ಹೊರಟ ಜಾಗದಿಂದ ಅಳೆದರೆ ಸಾಮಾನ್ಯವಾಗಿ ಬಳಸುವ ಅಂಕಿ 32ರ ಆಸುಪಾಸು. ಎರಡನ್ನೂ ಬೆರೆಸಿದರೆ ಹತ್ತಾರು ಮೀಟರ್ ತಪ್ಪಾಗುತ್ತದೆ: 60 ಮೀಟರ್ ಎತ್ತರಕ್ಕೆ 32 ಡಿಗ್ರಿ ಅಂದರೆ 96 ಮೀಟರ್ ದೂರ, 27.5 ಅಂದರೆ 115.

ಅದರ ಮೇಲೆ, ನಮ್ಮ ಗುಡ್ಡಗಳಲ್ಲಿ ಬಂಡೆಗೋಡೆ ಬೇರೆ, ರಾಶಿ ಬೇರೆ ಅಂತ ಸ್ಪಷ್ಟವಾಗಿ ಇರೋದು ಕಡಿಮೆ. ಉದ್ದಕ್ಕೂ ಒಂದೇ ಮಣ್ಣಿನ ಇಳಿಜಾರು, ಅದರೊಳಗೆ ಅಲ್ಲಲ್ಲಿ ಉಂಡೆ. ಇಂಥಲ್ಲಿ ಕೋನ ಬರೀ ಜರಡಿ ಇದ್ದ ಹಾಗೆ. 40 ಡಿಗ್ರಿ ಬಂದರೆ ಜಾಗ ಬಿಟ್ಟುಬಿಡಿ, 20 ಬಂದರೆ ನಿದ್ದೆ ಮಾಡಿ. 29 ಬಂದರೆ ನೆಲದ ಮೇಲಿನ ಸಾಕ್ಷಿಯೇ ತೀರ್ಮಾನಿಸಬೇಕು.

ಕಟ್ಟೋಣ_ಸಿವಿಲ್

ಒಪ್ಪಿದೆ, ನಾನು ತಪ್ಪು ಕೋನ ಹಿಡಿದೆ. ಆದರೂ ಗಡಿಯಲ್ಲಿರುವ ಜಾಗವನ್ನು ಅಪಾಯದ ಕಡೆಗೇ ಎಣಿಸೋದು ವಾಸಿ.

ಕಡಲತಡಿ

ನೀವೆಲ್ಲ ಕಲ್ಲು ಕಲ್ಲು ಅಂತಿದ್ದೀರಿ, ನಮ್ಮ ಪಶ್ಚಿಮಘಟ್ಟದಲ್ಲಿ ಜನ ಸಾಯುವುದು ಬರೆ (ಗುಡ್ಡದ ಮಗ್ಗುಲು) ಜರಿದು ಮಾರಾಯ್ರೆ. 2018ರ ಆಗಸ್ಟ್‌ನಲ್ಲಿ ಕೊಡಗು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ, 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರು. ಎಲ್ಲ ಕಡೆ ಮಣ್ಣು, ನೀರು, ಮರ, ಕಲ್ಲು ಒಟ್ಟಿಗೇ ಬಂದದ್ದು. ಮಣ್ಣು ಜರಿಯುವಾಗ ಒಳಗಿನ ಬಂಡೆಯೂ ಬರ್ತದೆ. ನಮ್ಮ ಕರಾವಳಿಯಲ್ಲಿ ಮೇಲೆ ಮುರಕಲ್ಲಿನ ಗಟ್ಟಿ ಟೊಪ್ಪಿ, ಕೆಳಗೆ ಶೇಡಿಮಣ್ಣು. ಶೇಡಿ ನೀರು ಕುಡಿದು ಜಾರಿದರೆ ಮುರಕಲ್ಲು ಮನೆಗಾತ್ರದ ತುಂಡುಗಳಾಗಿ ಮುರಿದು ಬೀಳ್ತದೆ. ಅಲ್ಲಿ ನೆಟ್ಟಗೆ ಕಡಿದ ಮುರಕಲ್ಲಿನ ಧರೆ ವರ್ಷಗಟ್ಟಲೆ ಗಟ್ಟಿ ನಿಂತಿರ್ತದೆ, ಅದನ್ನು ನೋಡಿ ಧೈರ್ಯ ಬರುವುದೇ ದೊಡ್ಡ ಅಪಾಯ.

ಶಿಲಾಪದರ

ಕಡಲತಡಿಯವರು ಹೇಳಿದ್ದು ಸರಿ. ಪಟ್ಟಿಯಲ್ಲಿ ಮೊದಲು ಮಣ್ಣುಕುಸಿತ, ಆಮೇಲೆ ಬಂಡೆ. ಧರೆಯ ತಲೆಯಲ್ಲಿ ಧರೆಗೆ ಸಮಾನಾಂತರವಾಗಿ ಬಿರುಕು, ಬುಡದಲ್ಲಿ ಹೊಸ ಒರತೆ, ಒರತೆ ನೀರು ಕೆಸರಾಗಿ ಬರುವುದು, ಮರಗಳು ಒಟ್ಟಾಗಿ ಒಂದೇ ಕಡೆ ವಾಲಿರುವುದು. ಇವುಗಳಲ್ಲಿ ಒಂದು ಕಂಡರೂ ಬಂಡೆಯ ಲೆಕ್ಕ ಪಕ್ಕಕ್ಕಿಡಿ. ಜಾಗದ ಪಕ್ಕದಲ್ಲಿ ಹಳ್ಳ ಇದ್ದರೆ ಅದರ ತಲೆಯವರೆಗೆ ನಡೆದು ಹೋಗಿ ನೋಡಿ. ಹಳ್ಳದ ಬಾಯಿಯಲ್ಲಿ ಬೀಸಣಿಗೆ ಬಿಚ್ಚಿದ ಹಾಗೆ ಕಲ್ಲುಮಣ್ಣು ಹರಡಿಕೊಂಡಿದ್ದರೆ ಆ ಬೀಸಣಿಗೆಯ ಮೇಲೆ ಮನೆ ಕಟ್ಟಲೇಬಾರದು.

ಮೂಡಲಗಿರಿ

ಸರ್ಕಾರದ ಭೂಕುಸಿತ ನಕ್ಷೆ ಇದೆಯಲ್ಲ, ಅದರಲ್ಲಿ ಬಣ್ಣ ನೋಡಿದರೆ ಆಯ್ತು. ಯಾಕೆ ಇಷ್ಟೆಲ್ಲ?

ಶಿಲಾಪದರ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನಕ್ಷೆ ಖಂಡಿತ ನೋಡಿ, ಭೂಕೋಶ್ ಜಾಲತಾಣದಲ್ಲಿ ಸಿಗುತ್ತದೆ. ಆದರೆ ಅದು 1:50,000 ಅಳತೆಯದು. 30 ಗುಂಟೆ ಅಂದರೆ ಸುಮಾರು 55 ಮೀಟರ್ ಚೌಕ, ನಕ್ಷೆಯ ಮೇಲೆ ಒಂದು ಮಿಲಿಮೀಟರ್ ಚುಕ್ಕೆ. ಕೆಂಪು ಬಂದರೆ ಅದು ಗಟ್ಟಿ ಎಚ್ಚರಿಕೆ. ಹಸಿರು ಬಂದರೆ ನಿಮ್ಮ ಧರೆಯ ಬಗ್ಗೆ ಅದು ಏನೂ ಹೇಳಿದ ಹಾಗಾಗಲಿಲ್ಲ. ಜನವರಿಯಲ್ಲಿ ಕಡಿದ ಧರೆ ಅದರಲ್ಲಿ ಇರಲಿಕ್ಕೂ ಸಾಧ್ಯವಿಲ್ಲ.

ಧರೆಕಾವಲು

ಅದೇ ರೀತಿ ಭೂಪರಿವರ್ತನೆ ಆಗಿದೆ ಅನ್ನೋದೂ ಸುರಕ್ಷತೆಯ ಪತ್ರ ಅಲ್ಲ. ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಸಿಗುವ ಅನುಮತಿ ಅದು, ಅಷ್ಟೇ. ಜಾಗದ ಮೇಲುಗಡೆಯ ಸರ್ವೆ ನಂಬರಿನ ಪಹಣಿಯನ್ನೂ ತೆಗೆಸಿ. ಆ ಬಂಡೆ ಸಾಲು ಇರೋದು ಪಕ್ಕದವರ ತೋಟದಲ್ಲೋ, ಗೋಮಾಳದಲ್ಲೋ, ಮೀಸಲು ಅರಣ್ಯದಲ್ಲೋ? ಅರಣ್ಯವಾದರೆ ಅಲ್ಲಿಗೆ ಹೋಗಿ ಒಂದು ಕಲ್ಲನ್ನೂ ಅಲ್ಲಾಡಿಸುವ ಹಕ್ಕು ನಿಮಗಿಲ್ಲ, ಇಲಾಖೆಯ ಅನುಮತಿ ಬೇಕು. ಪಕ್ಕದವರ ತೋಟವಾದರೆ ನಾಳೆ ಅವರೂ ಮೇಲೆ ಹಿಟಾಚಿ ತರಬಹುದು.

ಹೊಸಮನೆ_ಪಶ್ಚಿಮ

ಮೇಲಿನದು ಖಾಸಗಿ ಕಾಫಿ ತೋಟ. ಒಂದು ಪ್ರಶ್ನೆ: ಧರೆಯಿಂದ 25 ಮೀಟರ್ ಬಿಡ್ತೀವಿ, ಬುಡದಲ್ಲಿ 2 ಮೀಟರ್ ಅಗಲದ ಚರಂಡಿ ತೋಡಿದರೆ ಕಲ್ಲು ಅದರಲ್ಲೇ ಬೀಳಲ್ವಾ?

ಕಟ್ಟೋಣ_ಸಿವಿಲ್

ಬೀಳಲ್ಲ, ಆ ಗಾಡಿದಾರಿ ಇರೋದರಿಂದ ಇನ್ನೂ ದೂರ ಹಾರುತ್ತೆ. ಲೆಕ್ಕ ನೋಡಿ. ಕಲ್ಲು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಉರುಳಿ ಬಂತು ಅಂದುಕೊಳ್ಳಿ. 35 ಡಿಗ್ರಿ ಇಳಿಜಾರಿನಿಂದ ನೇರ ಧರೆ ಹಾರಿದರೆ ಮುಖ ಕೆಳಗಿರುತ್ತೆ, ಸುಮಾರು ನಾಲ್ಕೂವರೆ ಮೀಟರ್ ದೂರದಲ್ಲಿ ನೆಲ ಮುಟ್ಟುತ್ತೆ. ಅದೇ ಕಲ್ಲು ಮಟ್ಟಸದ ದಾರಿಗೆ ತಗುಲಿ ಅಡ್ಡಮುಖವಾಗಿ ಹೊರಟರೆ 4.5 ಮೀಟರ್ ಬೀಳಲು ಒಂದು ಸೆಕೆಂಡಿಗೆ ಸ್ವಲ್ಪ ಕಡಿಮೆ ಹಿಡಿಯುತ್ತೆ, ಅಷ್ಟರಲ್ಲಿ ಒಂಬತ್ತೂವರೆ ಮೀಟರ್ ಮುಂದೆ ಹೋಗಿರುತ್ತೆ. ಎರಡರಲ್ಲೂ ನಿಮ್ಮ ಚರಂಡಿ ಕಲ್ಲಿನ ಕೆಳಗೆ ಉಳಿದುಹೋಯ್ತು. ಧರೆಯ ತಲೆಯ ಮೇಲಿನ ಮಟ್ಟಸ ಜಾಗ ಕಲ್ಲಿಗೆ ಚಿಮ್ಮುಹಲಗೆ ಇದ್ದ ಹಾಗೆ.

ಮೂಡಲಗಿರಿ

ಕಾಫಿ ಗಿಡ, ಸಿಲ್ವರ್ ಓಕ್ ತಡೆಯಲ್ವಾ ಕಲ್ಲನ್ನ?

ಕಾಫಿಕಣಿವೆ

ಕಾಫಿ ಗಿಡ ತಡೆಯಲ್ಲ. ದಪ್ಪ ನೆರಳುಮರ ಒತ್ತಾಗಿದ್ದರೆ ಮೊಳಕೈ ಅಳತೆಯ ಕಲ್ಲನ್ನ ನಿಲ್ಲಿಸಬಹುದು, ಮೀಟರ್ ದಾಟಿದ ಕಲ್ಲಿನ ವೇಗ ತಗ್ಗಿಸುತ್ತೆ. ಆದ್ರೆ ಅದು ಮೇಲಿನವರ ಮರ, ಅವರು ಯಾವಾಗ ಬೇಕಾದರೂ ಕಡಿಸಿ ಮಾರಬಹುದು. ಬೇರೆಯವರ ಮರ ನಂಬಿ ಮನೆ ಕಟ್ಟೋದು ಬೇಡ.

ದಕ್ಷಿಣದ್ವೀಪ

ಮರದ ಮಾತು ಬಂದದ್ದರಿಂದ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಉದಾಹರಣೆ ಹೇಳುತ್ತೇನೆ. 2011ರ ಫೆಬ್ರವರಿ 22ರ ಭೂಕಂಪದಲ್ಲಿ ಅಲ್ಲಿನ ಪೋರ್ಟ್ ಹಿಲ್ಸ್ ಗುಡ್ಡಗಳಿಂದ ಬಂಡೆಗಳು ಉರುಳಿ ಮನೆಗಳೊಳಗೆ ನುಗ್ಗಿದವು. ಆಮೇಲೆ ಆ ಗುಡ್ಡಗಳಲ್ಲಿ 700ಕ್ಕೂ ಹೆಚ್ಚು ಆಸ್ತಿಗಳನ್ನು ವಾಸಕ್ಕೆ ಬೇಡವೆಂದು ಕೆಂಪು ವಲಯಕ್ಕೆ ಸೇರಿಸಿದರು. ರಾಪಾಕಿ ಎಂಬ ಊರಿನ ಮೇಲಿನ ಇಳಿಜಾರಿನಲ್ಲಿ ಹೊಸ ಬಂಡೆಗಳ ಪಕ್ಕದಲ್ಲೇ ಸಾವಿರಾರು ವರ್ಷಗಳ ಹಿಂದೆ ಉರುಳಿದ್ದ ಬಂಡೆಗಳೂ ಇದ್ದವು. ಮನೆ ಕಟ್ಟುವ ಮುಂಚೆಯೂ ಅವು ಕಣ್ಣೆದುರೇ ಇದ್ದವು. ಇನ್ನೊಂದು ವಿಷಯ, 2011ರ ಕಲ್ಲುಗಳು ಹಳೆಯವಕ್ಕಿಂತ ಹೆಚ್ಚು ದೂರ ಹೋಗಿದ್ದವು. ನಡುವೆ ಆ ಇಳಿಜಾರಿನ ಕಾಡು ಕಡಿದು ಹುಲ್ಲುಗಾವಲಾಗಿತ್ತು. ಹಳೆಯ ಕಲ್ಲು ನಿಂತ ಗೆರೆಯನ್ನೇ ಗಡಿ ಅಂತ ನಂಬುವಂತಿಲ್ಲ ಅನ್ನೋದಕ್ಕೆ ಇದನ್ನು ಹೇಳಿದೆ.

ಮೂಡಲಗಿರಿ

ನಮ್ಮಲ್ಲಿ ಅಂಥ ಭೂಕಂಪ ಎಲ್ಲಿದೆ? ಹಂಪಿ, ರಾಮನಗರದಲ್ಲಿ ಬಂಡೆ ಮೇಲೆ ಬಂಡೆ ಇಟ್ಟ ಹಾಗೆ ನಿಂತು ಎಷ್ಟು ಕಾಲವಾಯ್ತು!

ಶಿಲಾಪದರ

ಅಲ್ಲಿ ಮಣ್ಣು ತೊಳೆದುಹೋಗಿ ಕಲ್ಲು ಕಲ್ಲಿನ ಮೇಲೇ ಕೂತಿದೆ, ಮಳೆಯೂ ಕಡಿಮೆ. ಘಟ್ಟದಲ್ಲಿ ಕಲ್ಲು ಕೂತಿರುವುದು ಮಣ್ಣಿನ ಮೇಲೆ. ನಮ್ಮ ಕಡೆ ಬಂಡೆ ಹೊರಡಿಸುವುದು ಮಳೆ. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದಲ್ಲಿ ಮಳೆಗಾಲದಲ್ಲಿ ಹಳಿಯ ಮೇಲೆ ಬಂಡೆ ಬಿದ್ದು ಗಾಡಿ ನಿಲ್ಲುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅಲ್ಲಿಯದೂ ಇದೇ ತೆರದ ಶಿಲೆ, ಇದೇ ಮಳೆ, ಇದೇ ಕಡಿದ ಇಳಿಜಾರು.

ಆಲ್ಪ್ಸ್_ಕನ್ನಡಿಗ

ಹೊಡೆತದ ಶಕ್ತಿಯ ಬಗ್ಗೆ ಯಾರೂ ಹೇಳಿಲ್ಲ. 1.2 ಮೀಟರ್ ವ್ಯಾಸದ ಉಂಡೆ ಅಂದರೆ 0.9 ಘನ ಮೀಟರ್, ಈ ಕಲ್ಲಿನಲ್ಲಿ ಸುಮಾರು 2.4 ಟನ್. ಸೆಕೆಂಡಿಗೆ 12 ಮೀಟರ್ ವೇಗಕ್ಕೆ 175 ಕಿಲೋಜೂಲ್, ತಿರುಗುವಿಕೆಯದ್ದು ಸೇರಿಸಿದರೆ 200ರ ಹತ್ತಿರ. ಸ್ವಿಟ್ಜರ್ಲೆಂಡಿನಲ್ಲಿ ಕಲ್ಲುಬೀಳುವ ಜಾಗಗಳನ್ನು ವಿಂಗಡಿಸುವಾಗ 30 ಮತ್ತು 300 ಕಿಲೋಜೂಲ್ ಎಂಬ ಎರಡು ಗೆರೆ ಇಟ್ಟುಕೊಳ್ಳುತ್ತಾರೆ. 30 ಅಂದರೆ ಮರದ ಗೋಡೆ ತಾಳುವ ಮಿತಿ, 300 ಅಂದರೆ ಬಲಪಡಿಸಿದ ಕಾಂಕ್ರೀಟ್ ಗೋಡೆ ತಾಳುವ ಮಿತಿ. 300 ದಾಟಿದ ಕಡೆ ಹೊಸ ಮನೆಗೆ ಅವಕಾಶವಿಲ್ಲ. ನಿಮ್ಮದು ಎರಡರ ನಡುವೆ ಬರುತ್ತದೆ. ವಿನ್ಯಾಸದಲ್ಲಿ ಹುಷಾರಾದರೆ ಕಟ್ಟಬಹುದು, ಸುಮ್ಮನೆ ಇಟ್ಟಿಗೆ ಗೋಡೆ ಎಬ್ಬಿಸುವಂತಿಲ್ಲ. ಆದರೆ ವೇಗವೇ ಎಲ್ಲ. ಅದೇ ಕಲ್ಲು 16 ಮೀಟರ್ ವೇಗದಲ್ಲಿ ಬಂದರೆ 300 ದಾಟಿತು.

ಕಟ್ಟೋಣ_ಸಿವಿಲ್

ಸಾಧ್ಯತೆಯ ಲೆಕ್ಕವನ್ನೂ ಸೇರಿಸುತ್ತೇನೆ. ಉದಾಹರಣೆಗೆ 55 ಮೀಟರ್ ಅಗಲದಲ್ಲಿ 50 ವರ್ಷಕ್ಕೊಂದು ಕಲ್ಲು ಮನೆ ಇರುವ ದೂರದವರೆಗೂ ಬರುತ್ತದೆ ಅಂತಿಟ್ಟುಕೊಳ್ಳಿ. ಮನೆ ಅಗಲ 12 ಮೀಟರ್, ಕಲ್ಲಿನ ವ್ಯಾಸ ಸೇರಿಸಿ 13.2. ಅದು 55ರಲ್ಲಿ ಕಾಲುಭಾಗಕ್ಕೆ ಸ್ವಲ್ಪ ಕಡಿಮೆ. ವರ್ಷಕ್ಕೆ ಸುಮಾರು 200ರಲ್ಲಿ ಒಂದು. ಕಡಿಮೆ ಅನ್ನಿಸುತ್ತೆ. ಮನೆ 50 ವರ್ಷ ನಿಲ್ಲಬೇಕಲ್ಲ, ಅಷ್ಟರಲ್ಲಿ ಒಮ್ಮೆ ತಗಲುವ ಸಾಧ್ಯತೆ ಐದರಲ್ಲಿ ಒಂದು. "50 ವರ್ಷಕ್ಕೊಂದು" ಅನ್ನೋದು ನಾನು ಉದಾಹರಣೆಗೆ ಹಾಕಿದ್ದು. ನಿಮ್ಮ ಜಾಗದ ಅಂಕಿ ಆ ಐದು ಕಲ್ಲುಗಳ ವಯಸ್ಸಿನಿಂದ ಬರಬೇಕು.

ಮೂಡಲಗಿರಿ

ಇಷ್ಟು ಯೋಚನೆ ಯಾಕೆ, ಮೇಲೆ ಹೋಗಿ ಸಡಿಲ ಬಂಡೆಗಳನ್ನ ಹಾರೆ ಹಾಕಿ ಮೀಟಿ ಉರುಳಿಸಿಬಿಟ್ಟರೆ ಮುಗೀತು. ಮನೆ ಇನ್ನೂ ಇಲ್ವಲ್ಲ.

ಬಂಡೆಬೆಣೆ

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಬಂಡೆ ನೀವು ಅಂದುಕೊಂಡ ದಾರಿಯಲ್ಲಿ ಹೋಗಲ್ಲ. ಒಂದು ಮರಕ್ಕೆ ತಗುಲಿ ತಿರುಗಿದರೆ ಪಕ್ಕದವರ ತೋಟದ ಆಳುಗಳ ಲೈನ್‌ಮನೆ, ದಾರಿಯಲ್ಲಿ ಹೋಗೋ ಜನ. ಅದು ಹೋಗ್ತಾ ಇನ್ನೂ ನಾಲ್ಕು ಕಲ್ಲನ್ನ ಸಡಿಲ ಮಾಡಿ ಹೋಗುತ್ತೆ.

ಕಲ್ಲು ಕೂತಲ್ಲೇ ಒಡೆಯಬೇಕು. ಮನೆಗಳ ಹತ್ತಿರ ಸಿಡಿಮದ್ದು ಬೇಡ, ಅದಕ್ಕೆ ಪರವಾನಗಿ ಇರೋರೇ ಬೇಕು, ಅದುರಿಗೆ ಬೇರೆ ಬಂಡೆಯೂ ಸಡಿಲ ಆಗುತ್ತೆ. ಹಿಗ್ಗುವ ಪುಡಿ ಸಿಗುತ್ತಲ್ಲ, ಸದ್ದಿಲ್ಲದೆ ಬಿರಿಸೋದು, ಅದು ಒಳ್ಳೇದು. 38 ಮಿ.ಮೀ. ತೂತು, ತೂತಿಂದ ತೂತಿಗೆ 30ರಿಂದ 40 ಸೆಂ.ಮೀ., ಆಳ ಕಲ್ಲಿನ ಎತ್ತರದ ಹತ್ತರಲ್ಲಿ ಎಂಟು ಪಾಲು. 5 ಕೆ.ಜಿ. ಪುಡಿಗೆ ಒಂದೂವರೆ ಲೀಟರ್ ತಣ್ಣೀರು, ಕಲಸಿ ಐದು-ಹತ್ತು ನಿಮಿಷದೊಳಗೆ ಸುರಿದುಬಿಡಬೇಕು. ಸುರಿದ ಮೇಲೆ ತೂತಿನ ಮೇಲೆ ಮುಖ ಇಡಬಾರದು, ಬಿಸಿಗೆ ಪಿಚಕಾರಿ ಹಾಗೆ ಹಾರಿ ಕಣ್ಣಿಗೆ ಬೀಳುತ್ತೆ, ಸುಣ್ಣದ ಪುಡಿ ಅದು, ಕಣ್ಣು ಹೋಗುತ್ತೆ. ಕನ್ನಡಕ, ಕೈಗವಸು ಹಾಕ್ಕೊಳ್ಳಿ. ಬಿಸಿಲುಗಾಲಕ್ಕೂ ಚಳಿಗಾಲಕ್ಕೂ ಬೇರೆ ಬೇರೆ ಪುಡಿ ಬರುತ್ತೆ, ಚೀಲದ ಮೇಲೆ ಉಷ್ಣಾಂಶ ಬರೆದಿರುತ್ತೆ, ಅದನ್ನ ನೋಡದೆ ಹಾಕಿದ್ರೇನೇ ಅಪಘಾತ. ತೂತಿಗೆ ಮಳೆ ನೀರು ಹೋಗದ ಹಾಗೆ ಮುಚ್ಚಿ. 12ರಿಂದ 24 ಗಂಟೆಯಲ್ಲಿ ಬಿರಿಯುತ್ತೆ.

ಬಿರಿಯೋ ಮುಂಚೆ ಕೆಳಮಗ್ಗುಲಿಗೆ ಮರದ ದಿಮ್ಮಿ, ಮರಳು ಚೀಲ ಒತ್ತುಕೊಟ್ಟಿರಬೇಕು. ಬಿರಿದ ಮೇಲೆ ತಲೆಯಿಂದ ಕೆಳಕ್ಕೆ ತುಂಡು ತೆಗೀಬೇಕು, ಬುಡದಿಂದ ಶುರು ಮಾಡಬಾರದು. ಆ ಹೊತ್ತಿಗೆ ಕೆಳಗಡೆ ಒಬ್ಬರೂ ಇರಬಾರದು, ದಾರಿಗೆ ಎರಡೂ ಕಡೆ ಆಳು ನಿಲ್ಲಿಸಿ.

ಧರೆಕಾವಲು

ಒಡೆದ ಕಲ್ಲನ್ನು ಜಾಗದಿಂದ ಹೊರಗೆ ಸಾಗಿಸುವ ಮುಂಚೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಕೇಳಿ. ಅಲ್ಲೇ ಪಿಚ್ಚಿಂಗ್‌ಗೆ (ಇಳಿಜಾರಿನ ಮೈಗೆ ಕಲ್ಲು ಹಾಸೋದಕ್ಕೆ) ಬಳಸಿದರೆ ಸಾಗಣೆಯ ತಲೆನೋವೇ ಇಲ್ಲ.

ಮೂಡಲಗಿರಿ

ಒಡೆಯೋ ಬದಲು ಕಂಬಿ ಹೊಡೆದು ಕಟ್ಟಿಹಾಕೋದು?

ಕಟ್ಟೋಣ_ಸಿವಿಲ್

ಕೆಳಗೆ ಗಟ್ಟಿ ತಾಯಿಬಂಡೆ ಇದ್ದರೆ ಸರಿ. 25 ಮಿ.ಮೀ. ಕಂಬಿ, 40 ಮಿ.ಮೀ. ತೂತು, ಗಟ್ಟಿ ಬಂಡೆಯೊಳಗೆ ಕನಿಷ್ಠ ಒಂದು ಮೀಟರ್ ಇಳಿಸಿ ಸಿಮೆಂಟ್ ಹಾಲು ತುಂಬಬೇಕು. ಕೆಳಗಿರುವುದು ಕೊಳೆತ ಕಲ್ಲಾದರೆ ಕಂಬಿ ಬೆಣ್ಣೆಗೆ ಚುಚ್ಚಿದ ಹಾಗೆ, ಹಿಡಿಯೋದಿಲ್ಲ. ಅಂಥಲ್ಲಿ ಬಂಡೆಯ ಕೆಳಮಗ್ಗುಲಿಗೆ ಸೈಜುಗಲ್ಲಿನ ಊರೆಗೋಡೆ ಕಟ್ಟಿ, ಬುಡದಿಂದ ನೀರು ಹೊರಗೆ ಹೋಗಲು ಪೈಪು ಬಿಡೋದು ಉತ್ತಮ. ಚೈನ್‌ಲಿಂಕ್ ಬೇಲಿ ಹಾಕಿ "ಕಲ್ಲು ತಡೆ" ಅನ್ನುವವರಿದ್ದಾರೆ, ಅದು ದನ ತಡೆಯೋ ಬೇಲಿ. ಘಟ್ಟದ ರಸ್ತೆ, ಕೊಂಕಣ ರೈಲು ಮಾರ್ಗದ ಧರೆಗಳ ಮೈಗೆ ಹಾಸಿರುವ ಬಲೆ ಕಂಡಿರುತ್ತೀರಿ, ಅದರ ಕೆಲಸ ಬೇರೆ: ಸಣ್ಣ ಕಲ್ಲು ಹಾರದೆ ಮೈಗುಂಟ ಜಾರಲಿ ಅಂತ. 60 ಮೀಟರ್ ಮೇಲಿಂದ ವೇಗವಾಗಿ ಬರೋ ಎರಡೂವರೆ ಟನ್ನಿಗೆ ಅದಲ್ಲ.

ಹೊಸಮನೆ_ಪಶ್ಚಿಮ

ಹಾಗಾದರೆ ಧರೆ ಮತ್ತು ಮನೆ ನಡುವಿನ 25 ಮೀಟರ್‌ನಲ್ಲಿ ಏನು ಮಾಡಬಹುದು?

ಕಟ್ಟೋಣ_ಸಿವಿಲ್

ಮಣ್ಣು-ಕಲ್ಲಿನ ದಿಂಡು. ಧರೆಯಿಂದ 12 ಮೀಟರ್ ಆಚೆ, ಹಾರಿ ಬಂದ ಕಲ್ಲು ಮೊದಲು ನೆಲ ಮುಟ್ಟಿ ಆಮೇಲೆ ದಿಂಡಿಗೆ ತಗಲುವ ಹಾಗೆ. ಎತ್ತರ 2.5 ಮೀಟರ್, ತಲೆಯ ಅಗಲ 1 ಮೀಟರ್. ಗುಡ್ಡದ ಕಡೆಯ ಮುಖ ಹೆಚ್ಚುಕಡಿಮೆ ನೆಟ್ಟಗಿರಬೇಕು, ಗೇಬಿಯನ್ (ಕಲ್ಲು ತುಂಬಿದ ತಂತಿಬಲೆಯ) ಪೆಟ್ಟಿಗೆ ಅಥವಾ ಒಣಗಲ್ಲಿನ ಕಟ್ಟಣೆ. ಓರೆ ಇದ್ದರೆ ಉರುಳುವ ಕಲ್ಲು ಅದನ್ನೇ ಹತ್ತಿ ದಾಟುತ್ತೆ. ಮನೆ ಕಡೆಯ ಮುಖ ಒಂದಕ್ಕೆ ಒಂದೂವರೆ ಇಳಿಜಾರು, ಹುಲ್ಲು ನೆಡಿ. ಬುಡದ ಅಗಲ ಐದೂಕಾಲು ಮೀಟರ್ ದಾಟುತ್ತೆ. 30 ಮೀಟರ್ ಉದ್ದಕ್ಕೆ ಸುಮಾರು 240 ಘನ ಮೀಟರ್ ಸಾಮಗ್ರಿ ಬೇಕು. ಈ ಮಣ್ಣನ್ನು ಧರೆಯ ಬುಡದಿಂದ ತೆಗೆಯಲೇಬೇಡಿ, ಎಲ್ಲರೂ ಮಾಡೋ ತಪ್ಪು ಅದೇ. ಗೇಬಿಯನ್‌ಗೆ ಹೆಣೆದ ಷಟ್ಕೋನದ ಬಲೆ, 2.7 ಮಿ.ಮೀ. ಸತು ಲೇಪದ ತಂತಿ. ಒಳಗೆ 10ರಿಂದ 25 ಸೆಂ.ಮೀ. ಗಟ್ಟಿ ಕಲ್ಲು, ಕೊಳೆತದ್ದು ಬೇಡ.

ದಿಂಡಿನ ಹಿಂದೆ ನೀರು ನಿಲ್ಲಬಾರದು, ಒಂದು ತುದಿಗೆ ಇಳಿಜಾರು ಕೊಟ್ಟು ತೋಡಿಗೆ ಬಿಡಿ. ಬಿದ್ದ ಕಲ್ಲು ತೆಗೆಯಲು ಜೆಸಿಬಿ ಒಳಗೆ ಹೋಗುವ ದಾರಿಯೂ ಇರಲಿ. ತುಂಬಿದ ಗುಂಡಿ ಮುಂದಿನ ಕಲ್ಲಿಗೆ ಮೆಟ್ಟಿಲಾಗುತ್ತೆ.

ಕಾಫಿಕಣಿವೆ

ಅದಕ್ಕಿಂತ ಮೇಲೆ, ಇಳಿಜಾರಲ್ಲೇ ಅಡ್ಡಕ್ಕೆ ಒಂದು ಆಳದ ಅಗಳು ತೆಗೆದರೆ ನೀರೂ ಇಂಗುತ್ತೆ, ಕಲ್ಲೂ ನಿಲ್ಲುತ್ತೆ. ತೋಟದಲ್ಲಿ ತೊಟ್ಟಿಲುಗುಂಡಿ ತೆಗೆಯೋದು ಮೊದಲಿಂದಲೂ ಇದೆ.

ಶಿಲಾಪದರ

ಇದನ್ನು ಒಪ್ಪಲಾರೆ. ಸಾಧಾರಣ ಇಳಿಜಾರಿನ ತೋಟಕ್ಕೆ ತೊಟ್ಟಿಲುಗುಂಡಿ ಸರಿ. ಧರೆ ಕಡಿದ 35 ಡಿಗ್ರಿ ಇಳಿಜಾರಿನ ಮೇಲೆ ಅಡ್ಡಕ್ಕೆ ಅಗಳು ತೆಗೆದರೆ ಮಳೆನೀರನ್ನೆಲ್ಲ ಹಿಡಿದು ಧರೆಯ ಬೆನ್ನಿಗೇ ಕುಡಿಸಿದ ಹಾಗೆ. ಮಣ್ಣು ಅದೇ ಗೆರೆಯಲ್ಲಿ ಬಿರಿಯುತ್ತದೆ.

ಕಾಫಿಕಣಿವೆ

ಗುಂಡಿ ಇಲ್ದಿದ್ರೆ ನೀರು ಮೇಲ್ಮೈಯಲ್ಲಿ ಓಡಿ ಮಣ್ಣು ಕೊಚ್ಚಿ ಬಂಡೆ ಬುಡ ಬಯಲು ಮಾಡುತ್ತಲ್ಲ, ಅದಕ್ಕೇನು ಹೇಳ್ತೀರಿ?

ಶಿಲಾಪದರ

ಓಡುವ ನೀರನ್ನು ಹಿಡಿಯಬೇಕು, ಆದರೆ ಇಂಗಿಸದೆ ಸಾಗಿಸಬೇಕು. ಧರೆಯ ತಲೆಯಿಂದ 3ರಿಂದ 5 ಮೀಟರ್ ಹಿಂದೆ, ಬುಡ 45 ಸೆಂ.ಮೀ. ಅಗಲದ ಗಾರೆ ಹಾಕಿದ ಕಾಲುವೆ, 50ಕ್ಕೆ 1ರಿಂದ 100ಕ್ಕೆ 1 ಇಳಿತ, ಕಡಿದಾದಲ್ಲಿ ಮೆಟ್ಟಿಲು, ಕೊನೆ ಸಹಜ ತೋಡಿಗೆ. ಗಾರೆ ಬಿರುಕು ಬಿಟ್ಟರೆ ಅದೂ ಅಗಳಿನಷ್ಟೇ ಕೆಟ್ಟದ್ದು, ಪ್ರತಿ ಮೇ ತಿಂಗಳಲ್ಲಿ ತಿದ್ದಬೇಕು. ಮಳೆನೀರಿನ ಇಂಗುಗುಂಡಿ, ಶೌಚದ ಗುಂಡಿ ಎರಡನ್ನೂ ಮನೆಯ ಕೆಳಮಗ್ಗುಲಲ್ಲಿಡಿ.

ಕಾಫಿಕಣಿವೆ

ಗಾರೆ ಕಾಲುವೆ ಅಂದ್ರೆ ಸರಿ, ಅದಕ್ಕೆ ತಕರಾರಿಲ್ಲ. ಆದ್ರೆ ಎಲೆ ಬಿದ್ದು ಕಟ್ಟಿಕೊಳ್ಳುತ್ತೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಆಳು ಬೇಕು.

ಕಡಲತಡಿ

ಆ 4.5 ಮೀಟರ್ ಧರೆಗೆ ತಡೆಗೋಡೆ ಕಟ್ಟುವುದಾದರೆ ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಬೇಡ, ಎರಡೂವರೆ ಮೀಟರ್‌ನಾದರೂ ಬೇಕು. ನೀರುಗಂಡಿ 75–100 ಮಿ.ಮೀ. ಪೈಪು, ಒಂದೂವರೆ ಮೀಟರಿಗೊಂದು, ಹಿಂದೆ ಜಲ್ಲಿ. ಜಲ್ಲಿ ಹಾಕದೆ ಬರೀ ಪೈಪು ಇಟ್ಟರೆ ಎರಡೇ ಮಳೆಗಾಲಕ್ಕೆ ಮಣ್ಣು ಕಟ್ಟಿ ಗೋಡೆ ಹೊಟ್ಟೆ ಬರ್ತದೆ. ಹೊಟ್ಟೆ ಬಂದ ಗೋಡೆ ಮತ್ತೆ ನೆಟ್ಟಗಾಗುವುದಿಲ್ಲ. ಅದರ ಕೆಳಗಿರುವವರು ಆ ಮಳೆಗಾಲವೇ ಜಾಗ ಬಿಡಬೇಕು.

ಆಲ್ಪ್ಸ್_ಕನ್ನಡಿಗ

ಮನೆಯ ಒಳವಿನ್ಯಾಸವೂ ಮುಖ್ಯ. ಮಲಗುವ ಕೋಣೆ ಕಣಿವೆಯ ಕಡೆ ಇರಲಿ. ಗುಡ್ಡದ ಕಡೆ ಬಚ್ಚಲು, ಉಗ್ರಾಣ, ಮೆಟ್ಟಿಲು. ಆ ಕಡೆ ಕೆಳಮಟ್ಟದಲ್ಲಿ ದೊಡ್ಡ ಕಿಟಕಿ ಬೇಡ. ನೆಲದಿಂದ 2 ಮೀಟರ್‌ವರೆಗೆ 250–300 ಮಿ.ಮೀ. ಬಲಪಡಿಸಿದ ಕಾಂಕ್ರೀಟ್ ಗೋಡೆ, ಎರಡೂ ಮುಖಕ್ಕೆ ಕಂಬಿಜಾಲ. ಕಂಬಗಳ ಮೇಲೆ ಎತ್ತಿ ಕೆಳಗೆ ಕಾರು ನಿಲ್ಲಿಸುವ ಮನೆ ಇಂಥ ಜಾಗಕ್ಕೆ ಬೇಡವೇ ಬೇಡ. ಒಂಟಿ ಕಂಬಕ್ಕೆ ಕಲ್ಲು ಹೊಡೆದರೆ ಮೇಲಿನದ್ದೆಲ್ಲ ಕುಸಿಯುತ್ತದೆ.

ಮೂಡಲಗಿರಿ

ವಿಮೆ ಮಾಡಿಸಿದರೆ?

ಧರೆಕಾವಲು

ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಭೂಕುಸಿತ, ಬಂಡೆಕುಸಿತ ಎರಡೂ ಬರುತ್ತೆ. ಆದರೆ ವಿನಾಯಿತಿಗಳನ್ನು ಓದಿ: ದೋಷಪೂರಿತ ವಿನ್ಯಾಸ, ತುಂಬಿದ ಮಣ್ಣು ಜಗ್ಗುವುದು, ನೆಲ ಅಗೆತದಿಂದ ಆದ ನಷ್ಟಕ್ಕೆ ಇಲ್ಲ. ಕಡಿದ ಧರೆ ಕುಸಿದರೆ ವಾದ ಶುರುವಾಗೋದು ಅಲ್ಲೇ.

ಬಂಡೆಬೆಣೆ

ಇನ್ನೊಂದು ಸುಲಭದ ಕೆಲಸ. ಮೇಲಿನ ಬಂಡೆಯ ಬಿರುಕಿನ ಎರಡೂ ಕಡೆ ಒಂದೊಂದು ಉಕ್ಕಿನ ಮೊಳೆ ಕೂರಿಸಿ, ನಡುವಿನ ಅಂತರ ಕ್ಯಾಲಿಪರ್‌ನಲ್ಲಿ ಅಳೆದು ತಾರೀಖು ಹಾಕಿ ಬರೆದಿಡಿ. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದರೂ ಆಯ್ತು, ಬಂಡೆ ಅಲ್ಲಾಡಿದರೆ ಗಾಜು ಒಡೆಯುತ್ತೆ. ಮೇ ಕೊನೆಗೊಮ್ಮೆ, ಆಮೇಲೆ ದಿನಕ್ಕೆ 100 ಮಿ.ಮೀ. ದಾಟಿದ ಪ್ರತಿ ಮಳೆ ನಿಂತ ಮಾರನೇ ದಿನ ನೋಡಿ. ಮಳೆ ಹೊಯ್ಯುವಾಗ ಮೇಲೆ ಹತ್ತಬೇಡಿ.

ಹೊಸಮನೆ_ಪಶ್ಚಿಮ

ಎಲ್ಲರಿಗೂ ವಂದನೆ. ಹೇಳಿದ ಹಾಗೆ ಐದೂ ಕಲ್ಲು ನೋಡಿಸಿ ಆಯ್ತು. ಎರಡರ ಪಟ್ಟೆ ಹಳ್ಳದ ತಾಯಿಬಂಡೆಯ ದಿಕ್ಕಿಗೇ ಇದೆ, ಬುಡದಲ್ಲಿ ಸಿಪ್ಪೆ ಕಲ್ಲು. ಉಳಿದ ಮೂರರ ಪಟ್ಟೆ ಮೂರು ದಿಕ್ಕಿಗೆ, ಅಡಿಯಲ್ಲಿ ಕಪ್ಪು ಮಣ್ಣು. ಧರೆಯ ಜಾಗದಿಂದ ಅತಿ ದೂರ ಇರೋದು 31 ಮೀಟರ್‌ನಲ್ಲಿದೆ, ಅಂದರೆ ಮನೆ ಯೋಚಿಸಿದ ಗೆರೆ ದಾಟಿ. ಅದರ ಅಡಿಯಲ್ಲಿ ಒಡೆದ ಮಂಗಳೂರು ಹೆಂಚಿನ ಎರಡು ಚೂರು ಸಿಕ್ಕಿವೆ.

ಶಿಲಾಪದರ

ಹೆಂಚು ಸಿಕ್ಕಿದ್ದು ತುಂಬಾ ದೊಡ್ಡ ಸಾಕ್ಷಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಘಟ್ಟದ ಮೇಲಿನ ತೋಟದ ಮನೆಗೆ ಅದು ಬಂದದ್ದು ಇನ್ನೂ ಆಮೇಲೆ. ಅಂದರೆ ಆ ಕಲ್ಲು ಉರುಳಿದ್ದು ಹೆಚ್ಚೆಂದರೆ 160 ವರ್ಷದೊಳಗೆ, ಧರೆ ಕಡಿಯುವ ಮುಂಚೆಯೇ, ಮೇಲೆ ಕಾಡೋ ತೋಟವೋ ಇದ್ದಾಗಲೇ. ಚೂರುಗಳನ್ನು ಇದ್ದಲ್ಲೇ ಅಳತೆಪಟ್ಟಿ ಇಟ್ಟು ಫೋಟೋ ತೆಗೆಸಿ. ಉಳಿದ ಎರಡು ಉರುಳುಗಲ್ಲುಗಳ ಅಡಿಯನ್ನೂ ಪೂರ್ತಿ ಅಗೆಸಿ.

ಕಟ್ಟೋಣ_ಸಿವಿಲ್

ಹಾಗಾದರೆ ಕೋನದ ಚರ್ಚೆ ಮುಗೀತು, ಕಲ್ಲು 31 ಮೀಟರ್‌ವರೆಗೆ ಬಂದಿದೆ. ಜಾಗದ ಆಳ 55 ಮೀಟರ್ ಅಲ್ವಾ? ಮನೆಯನ್ನು 42 ಮೀಟರ್ ಆಚೆಗೆ ತಳ್ಳಿದರೆ ಕೆಳಗಿನ ಅಂಚಿಗೆ ಎಷ್ಟು ಉಳಿಯುತ್ತೆ, ಅಲ್ಲಿ ನೆಲ ಕಡಿದದ್ದೋ ತುಂಬಿದ್ದೋ?

ಹೊಸಮನೆ_ಪಶ್ಚಿಮ

13 ಮೀಟರ್ ಉಳಿಯುತ್ತೆ. ಅದು ಧರೆ ಕಡಿದ ಮಣ್ಣನ್ನೇ ತಳ್ಳಿ ತುಂಬಿದ ಜಾಗ.

ಕಟ್ಟೋಣ_ಸಿವಿಲ್

ಹಿಂದೆ ಕಲ್ಲು, ಮುಂದೆ ತುಂಬಿದ ಮಣ್ಣು. ನಡುವೆ ಗಟ್ಟಿ ನೆಲದ ಪಟ್ಟಿ ಎಷ್ಟಿದೆ ಅಂತ ನಾಲ್ಕು ಕಡೆ 3 ಮೀಟರ್ ಆಳದ ಗುಂಡಿ ತೆಗೆಸಿ ನೋಡಿ, ಮಾರುವವರ ಒಪ್ಪಿಗೆ ಪಡೆದು. 12 ಮೀಟರ್ ಅಗಲದ ಗಟ್ಟಿ ಪಟ್ಟಿ ಸಿಗದಿದ್ದರೆ ಈ ಜಾಗ ಬೇಡ.

ಧರೆಕಾವಲು

ಗುಂಡಿ ತೆಗೆದ ದಿನವೇ ಮುಚ್ಚಿಸಿ. ಮಳೆ ಶುರುವಾಗೋ ಮುಂಚೆ.